ಎಮ್ಮೆಗಳು ಮೇಯುತ್ತಿದ್ದ ನೆಲದಲ್ಲಿ ಎದ್ದ ಊರು

ನಮ್ಮ ಧರ್ಮಬಂಧುಗಳಲ್ಲಿ ಊಟಿ ನೋಡದವರು ಕಡಿಮೆ. ದೋಣಿ ಹತ್ತಿ, ಹೂದೋಟ ಸುತ್ತಿ, ನೀಲಗಿರಿ ಎಣ್ಣೆ ಕೊಂಡು ಮರಳುತ್ತೇವೆ. ನಾವೂ ಹಿಂದೆ ಹಾಗೆಯೇ ಬಂದವರು. ಈ ಸಲ ಮೊಮ್ಮಗಳು, "ತಾತ, ಈ ಊರಿಗಿಂತ ಮುಂಚೆ ಇಲ್ಲಿ ಏನಿತ್ತು?" ಎಂದು ಕೇಳಿದಳು. ಆ ಪ್ರಶ್ನೆಯಿಂದ ಊರನ್ನು ಬೇರೆ ರೀತಿ ನೋಡುವಂತಾಯಿತು.

ಗುಂಡ್ಲುಪೇಟೆ, ಬಂಡೀಪುರ ದಾಟಿ ತೆಪ್ಪಕಾಡಿಗೆ ಬಂದರೆ ದಾರಿ ಎರಡಾಗುತ್ತದೆ. ಮಸಿನಗುಡಿಯ ದಾರಿ ಹತ್ತಿರ, ಆದರೆ ಕಲ್ಹಟ್ಟಿ ಘಾಟಿಯಲ್ಲಿ 36 ತಿರುವುಗಳಿವೆ. ನಾವು ಗೂಡಲೂರಿನ ಮೇಲೆ ಹೋದೆವು. 2009ರಿಂದ ಬಂಡೀಪುರದ ಕಾಡಿನಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ರಾತ್ರಿ ಭೋಜನ ತ್ಯಾಗ ಮಾಡಿದ ನಮಗೆ ಹಗಲು ಪ್ರಯಾಣವೇ ಅನುಕೂಲ, ಬುತ್ತಿ ಜೊತೆಗಿತ್ತು.

ಇನ್ನೂರು ವರ್ಷದ ಹಿಂದೆ ಈ ಬೆಟ್ಟದ ಮೇಲೆ ಪಟ್ಟಣವಿರಲಿಲ್ಲ. ಇದ್ದದ್ದು ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ ಕಾಡು, ತೋಡರು ಮತ್ತು ಅವರ ಎಮ್ಮೆಗಳು. ತೋಡರು ಸಾಂಪ್ರದಾಯಿಕವಾಗಿ ಸಸ್ಯಾಹಾರಿಗಳು. ಹಾಲುಮನೆಯೇ ಅವರ ಗುಡಿ. ಅವರ ಹಟ್ಟಿಗೆ 'ಮಂದು' ಎನ್ನುತ್ತಾರೆ. ಕೇಳಿದರೆ ನಮ್ಮ 'ಮಂದೆ' ನೆನಪಾಗುತ್ತದೆ. ಊಟಕಮಂಡ್ ಎಂಬ ಹೆಸರಿನ ತುದಿಯಲ್ಲಿರುವುದೂ ಅದೇ.

ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದರು. 1822ರಲ್ಲಿ ಇಲ್ಲಿ ಕಲ್ಲಿನ ಮನೆ ಕಟ್ಟಲು ತೊಡಗಿದರು. ಅದೇ 'ಕಲ್ ಬಂಗಲೆ'. ಈಗ ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ. ತೋಡರಿಂದ ನೆಲವನ್ನು ಎಕರೆಗೆ ಒಂದು ರೂಪಾಯಿಯಂತೆ ಕೊಂಡರೆಂದು ಹೇಳುತ್ತಾರೆ. ತೊರೆಗಳಿಗೆ ಕಟ್ಟೆ ಹಾಕಿ ಕೆರೆ ಮಾಡಿಸಿದವರೂ ಅವರೇ. ಆ ಕೆರೆ ಮೊದಲು ಇನ್ನೂ ದೊಡ್ಡದಿತ್ತು. ನೀರು ಹಿಂಜರಿದ ಜಾಗದಲ್ಲಿ ಬಸ್ ನಿಲ್ದಾಣ, ಕುದುರೆ ಜೂಜಿನ ಮೈದಾನ ಬಂದವು.

1829ರಲ್ಲಿ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಅಡಿಗಲ್ಲು ಬಿತ್ತು. ಅದರ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ಬಂದವು. 1848ರಲ್ಲಿ ಮ್ಯಾಕೈವರ್ ಎಂಬುವರ ಕೈಯಲ್ಲಿ ಸಸ್ಯೋದ್ಯಾನ ರೂಪುಗೊಂಡಿತು. 1899ರಲ್ಲಿ ಕೂನೂರಿಗೆ ಬಂದ ಪುಟ್ಟ ರೈಲು 1908ರಲ್ಲಿ ಊಟಿ ಮುಟ್ಟಿತು. 2005ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಸಸ್ಯೋದ್ಯಾನ ಸುಮಾರು 55 ಎಕರೆ. ವ್ಯಾಪಾರಿಯ ಬುದ್ಧಿ ಸುಮ್ಮನಿರದು. ಆ ಹಳೆಯ ದರದಲ್ಲಿ ಲೆಕ್ಕ ಹಾಕಿದೆವು. ಇಡೀ ತೋಟದ ನೆಲಕ್ಕೆ 55 ರೂಪಾಯಿ! ನಮ್ಮ ಮನೆಮಂದಿಯ ಪ್ರವೇಶದ ಟಿಕೇಟಿಗೇ ಅದಕ್ಕಿಂತ ಹೆಚ್ಚು ಕೊಟ್ಟಿದ್ದೆವು.

ಇದು ನ್ಯಾಯವಾದ ವ್ಯಾಪಾರವೇ? ಹಣ ಕೊಟ್ಟದ್ದು ನಿಜ. ಆದರೆ ಒಬ್ಬರ ಕೈಯಲ್ಲಿ ಅಳತೆ ಸರಪಳಿ, ಕಾಗದ, ಮೊಹರು. ಇನ್ನೊಬ್ಬರು ನೆಲವನ್ನು ಎಮ್ಮೆಯ ಮೇವಿನಿಂದ ಅಳೆಯುವವರು. ಅಚೌರ್ಯ ವ್ರತದ ಐದು ಅತಿಚಾರಗಳಲ್ಲಿ 'ಹೀನಾಧಿಕ ಮಾನೋನ್ಮಾನ'ವೂ ಒಂದು. ಕೊಳ್ಳುವಾಗ ಒಂದು ತೂಕ, ಮಾರುವಾಗ ಒಂದು ತೂಕ ಇಡುವುದು ಎಂದು ಚಿಕ್ಕಂದಿನಲ್ಲಿ ಕಲಿತೆವು. ಇಬ್ಬರ ಅಳತೆಯೇ ಬೇರೆಯಾದಾಗ, ತಿಳಿದವನು ತಿಳಿಯದವನಿಂದ ಕೊಳ್ಳುವುದೂ ಅದಕ್ಕೆ ಹತ್ತಿರವೇ ಎಂದು ಈಗ ತೋರುತ್ತದೆ. ಸಲಿವನ್‌ರನ್ನು ಮಾತ್ರ ದೂರುವಂತಿಲ್ಲ. ನೆಲದ ಒಡೆಯರು ತೋಡರೇ ಎಂದು ಅವರು ತಮ್ಮ ಸರ್ಕಾರದೊಡನೆ ವಾದಿಸಿದರು. ಆದರೂ ಹುಲ್ಲುಗಾವಲು ಉಳಿಯಲಿಲ್ಲ. ಊರು, ಚಹಾ, ನೀಲಗಿರಿ ಮರ ಅದನ್ನು ಬಹುಪಾಲು ಆವರಿಸಿದವು.

ಉದ್ಯಾನದ ಮೇಲ್ತುದಿಯಲ್ಲಿ ಒಂದು ಮಂದು ಉಳಿದಿದೆ. ಹಿಂದೊಮ್ಮೆ ಊಟಿಯಲ್ಲಿ ತೋಡ ಹೆಂಗಸೊಬ್ಬಳಿಂದ ಕೆಂಪು-ಕಪ್ಪು ಕಸೂತಿಯ ಶಾಲನ್ನು ಚೌಕಾಸಿ ಮಾಡಿ ಅರ್ಧ ಬೆಲೆಗೆ ಕೊಂಡು, ಗೆದ್ದೆವೆಂದು ಹಿಗ್ಗಿದ್ದೆವು. ಆ ಕಸೂತಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಈ ಸಲ ಕೇಳಿದ ಬೆಲೆ ಕೊಟ್ಟೆವು. ಹಳೆಯ ಲೆಕ್ಕ ಇದರಿಂದ ತೀರಿತೆಂದಲ್ಲ. ಮೊಮ್ಮಗಳು ನೋಡುತ್ತಿದ್ದಳು, ಅಷ್ಟಾದರೂ ಆಗಲಿ ಎನಿಸಿತು.

ನೀವು ಹೋದಾಗ ಮಕ್ಕಳಿಗೆ ಕೆರೆ, ರೈಲಿನ ಜೊತೆಗೆ ಆ ಮಂದುವನ್ನೂ ತೋರಿಸಿ. 2024ರ ಮೇ ತಿಂಗಳಿನಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಪದ್ಧತಿ ಬಂದಿದೆ. ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಜೈ ಜಿನೇಂದ್ರ.