ರಥದ ಮುಂದಿನ ಜಾಗ

ಅರಸೀಕೆರೆಯಿಂದ ಬಾಣಾವರ, ಜಾವಗಲ್, ಹಳೇಬೀಡು ಹಾದು ಬೇಲೂರಿಗೆ ಹೋಗುವ ದಾರಿ ನಮ್ಮ ಪಾಲಿಗೆ ಬಳೆಗಳ ದಾರಿ. ಮಾಮು ಬಳೆ ವ್ಯಾಪಾರಿ. ಯುಗಾದಿ ಕಳೆದು ಚನ್ನಕೇಶವನ ತೇರು ಹತ್ತಿರ ಬಂತೆಂದರೆ ಬಳೆ ಪೆಟ್ಟಿಗೆಗಳನ್ನು ಬಸ್ಸಿನ ಮೇಲೆ ಹಾಕಿಸಿ, ಸಂಗಡ ನಮ್ಮನ್ನೂ ಕರೆದೊಯ್ಯುತ್ತಿದ್ದರು. (ಮನೆಮಾತು ಉರ್ದುವಿನಲ್ಲಿ ಒಬ್ಬರೇ ಇದ್ದರೂ 'ಹಮ್' ಎನ್ನುವ ಚಾಳಿ ನಮ್ಮದು. ಕನ್ನಡದಲ್ಲಿ ಬರೆಯುವಾಗಲೂ ಅದು ಬಿಟ್ಟಿಲ್ಲ. 'ಯಾರಪ್ಪಾ ಈ ನಾವು?' ಎಂದು ಗೆಳೆಯರು ತಮಾಷೆ ಮಾಡುತ್ತಿದ್ದರು. ಈಚೆಗೆ ಆ ಪ್ರಶ್ನೆ ತಮಾಷೆಯಾಗಿ ಕೇಳಿಸುವುದಿಲ್ಲ.)

ತೇರು ಎಳೆಯುವ ಮುಂಚೆ ದೊಡ್ಡಮೇದೂರಿನ ಖಾಜಿ ಸಾಹೇಬರು ರಥದ ಮುಂದೆ ನಿಂತು ಕುರ್‌ಆನಿನ ಆಯತ್ ಓದುವುದು ಬೇಲೂರಿನ ವಾಡಿಕೆ. ನಮಗಾಗ ಅದು ವಿಶೇಷ ಅನಿಸಿರಲೇ ಇಲ್ಲ. ಬೆಂಡು ಬತ್ತಾಸು, ಪೀಪಿ, ಬಣ್ಣದ ಕನ್ನಡಕಗಳ ನಡುವೆ ಅದೂ ಒಂದು. ಮಾಮುವಿಗಂತೂ ಓದು ಬೇಗ ಮುಗಿದರೆ ಸಾಕು, ಹೆಂಗಸರು ತೇರಿಗೆ ಕೈಮುಗಿದು ಅಂಗಡಿ ಕಡೆ ಬರುತ್ತಾರೆ ಎಂಬ ಲೆಕ್ಕ. ಇದನ್ನು ಒಪ್ಪದವರು ನಮ್ಮಲ್ಲೂ ಇದ್ದರು. ಜಮಾತಿಗೆ ಹೋಗಿ ಬಂದ ನೆಂಟರೊಬ್ಬರು, ವಿಗ್ರಹದ ತೇರಿನ ಮುಂದೆ ಕಲಾಮ್ ಓದುವುದು ಗುನಾಹ್ ಎಂದು ಮಾಮುವಿನೊಂದಿಗೆ ಜಗಳಕ್ಕೇ ಬಿದ್ದಿದ್ದರು. 'ಓದುವವರು ಖಾಜಿ, ಕೇಳುವವನು ಅಲ್ಲಾ, ನಡುವೆ ನಿನಗೇನು ಕೆಲಸ?' ಎಂದು ಮಾಮು ಬಾಯಿ ಮುಚ್ಚಿಸಿದ್ದರು. ಎರಡೂ ಕಡೆಯ ಶುದ್ಧಿವಂತರಿಗೆ ಬೇಡವಾದದ್ದು ನಡುವಿನ ಜನರಿಂದಾಗಿ ಉಳಿದುಬಂದಿತ್ತು.

ಹಳೇಬೀಡಿನ ನೆನಪು ಬೇರೆ. ಶಾಲೆಯಿಂದ ಪ್ರವಾಸ ಹೋದಾಗ ಮೇಷ್ಟರು ಮುರಿದ ಕೈಕಾಲಿನ ಶಿಲ್ಪಗಳ ಮುಂದೆ ನಿಲ್ಲಿಸಿ, 1311ರಲ್ಲಿ ಮಲಿಕ್ ಕಾಫರ್ ದ್ವಾರಸಮುದ್ರಕ್ಕೆ ನುಗ್ಗಿದ ಕಥೆ ಹೇಳಿದರು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅವರು ಮಾತು ನಿಲ್ಲಿಸಿದ ಕೂಡಲೇ ತರಗತಿಯ ನಲವತ್ತು ತಲೆಗಳು ನಮ್ಮ ಕಡೆ ತಿರುಗಿದವು. ನಮ್ಮ ಕಿಸೆಯಲ್ಲಿ ಅಮ್ಮಿ ಕಟ್ಟಿಕೊಟ್ಟ ಹುರಿಗಡಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಕಾಫರನು ಗುಜರಾತಿನ ಖಂಬಾತಿನಲ್ಲಿ ಸೆರೆ ಸಿಕ್ಕ ಗುಲಾಮನೆಂದೂ, ಸಾವಿರ ದೀನಾರಿಗೆ ಮಾರಾಟವಾದವನೆಂದು ಅವನಿಗೆ 'ಹಜಾರ್ ದೀನಾರಿ' ಎಂಬ ಅಡ್ಡಹೆಸರಿತ್ತೆಂದೂ ನಾವು ಓದಿಕೊಂಡದ್ದು ಎಷ್ಟೋ ವರ್ಷಗಳ ಮೇಲೆ. ಅದನ್ನು ಆ ನಲವತ್ತು ಹುಡುಗರಿಗೆ ಹೇಳಲು ಆಗಲಿಲ್ಲ. ಆದರೆ ಅಂದು ಮಧ್ಯಾಹ್ನ ಅದೇ ಹುಡುಗರು ಗುಡಿಯ ಹುಲ್ಲಿನ ಮೇಲೆ ನಮ್ಮ ಹುರಿಗಡಲೆ ಕಿತ್ತುಕೊಂಡು ತಿಂದರು. ನಮ್ಮ ಕಾಲದಲ್ಲಿ ಕಾಫರನ ಆಯುಷ್ಯ ಅರ್ಧ ಗಂಟೆಯಾಗಿತ್ತು.

ಕಳೆದ ದಶಕ ಅವನ ಆಯುಷ್ಯವನ್ನು ಹೆಚ್ಚಿಸಿತು. ಅದು ಯಾವಾಗ ಶುರುವಾಯಿತೆಂದು ಗೆರೆ ಎಳೆದು ಹೇಳುವುದು ಕಷ್ಟ. ಕಥೆ ಬರೆಯುವ ನಮ್ಮಂಥವರಿಗೆ 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಿಂದ ಬಂದ ಸುದ್ದಿಯೇ ಮೊದಲು. ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆ ಬಾಗಿಲಲ್ಲೇ ಕೊಂದಿದ್ದರು. ಎರಡು ವರ್ಷ ಕಳೆದು 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್, ಅದೂ ಮನೆಯ ಮುಂದೆಯೇ. ಅಂದಿನಿಂದ ಅಮ್ಮಿ, ನಾವು ಬರೆಯಲು ಕೂತಾಗಲೆಲ್ಲ ಎದ್ದುಹೋಗಿ ಬಾಗಿಲ ಚಿಲಕ ನೋಡಿ ಬರತೊಡಗಿದರು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಎಂಬ ಹಳ್ಳಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟ ಹೈದರಾಬಾದಿನ ಯುವಕರ ಮೇಲೆ ಮಕ್ಕಳ ಕಳ್ಳರೆಂದು ಊರಿಗೆ ಊರೇ ಬಿದ್ದು, ಒಬ್ಬ ಸಾಫ್ಟ್‌ವೇರ್ ಎಂಜಿನಿಯರನನ್ನು ಹೊಡೆದು ಕೊಂದಿತು. ವಾಟ್ಸಾಪಿನ ಸಂದೇಶ ಅವರ ಕಾರಿಗಿಂತ ಮುಂಚೆ ಓಡಿ ಮುಂದಿನ ಊರು ಮುಟ್ಟಿತ್ತು.

ಇದು ನಮ್ಮ ಕಡೆಗೆ ಮಾತ್ರ ಬಡಿದ ಗಾಳಿಯಲ್ಲ. ದೂರದ ನೆಂಟರ ಮಗನೊಬ್ಬ ಅಮೆರಿಕದಲ್ಲಿದ್ದಾನೆ. 2015ರ ಜೂನಿನಲ್ಲಿ ಚಾರ್ಲ್‌ಸ್ಟನ್ ಎಂಬ ಊರಿನ ಕಪ್ಪು ಜನರ ಚರ್ಚಿಗೆ ಬಂದು, ಬೈಬಲ್ ಓದುವವರ ಜೊತೆಯಲ್ಲೇ ಕೂತು, ಆಮೇಲೆ ಒಂಬತ್ತು ಮಂದಿಯನ್ನು ಗುಂಡಿಟ್ಟು ಕೊಂದ ಬಿಳಿಯ ಹುಡುಗನ ಬಗ್ಗೆ ಆ ಮಗನೇ ಫೋನಿನಲ್ಲಿ ಹೇಳಿದ್ದು. 2017ರ ಫೆಬ್ರವರಿಯಲ್ಲಿ ಕಾನ್ಸಾಸ್‌ನಲ್ಲಿ ಶ್ರೀನಿವಾಸ ಕೂಚಿಭೊಟ್ಲ ಎಂಬ ತೆಲುಗು ಎಂಜಿನಿಯರ್ ಕೊಲೆಯಾದಾಗ ಕೊಂದವನು ಅವರನ್ನು ಇರಾನಿನವರೆಂದು ತಿಳಿದಿದ್ದ. ದ್ವೇಷ ಹೆಸರು ಕೇಳುವಷ್ಟು ಹೊತ್ತು ಕಾಯುವುದಿಲ್ಲ. 2020ರ ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಿನಡಿ ಸತ್ತದ್ದನ್ನು ಹದಿನೇಳರ ಹುಡುಗಿಯೊಬ್ಬಳು ಫೋನಿನಲ್ಲಿ ಹಿಡಿದಳು. ಜಗತ್ತು ಬೀದಿಗೆ ಬಂತು. ಫೋನಿನಿಂದ ಹೀಗೂ ಆಗುತ್ತದಲ್ಲ ಎಂದು ಮುರ್ಕಿಯನ್ನು ನೆನೆದು ನಾವು ಬಹಳ ಹೊತ್ತು ಸುಮ್ಮನೆ ಕೂತಿದ್ದೆವು.

ಅದೇ ಬೇಸಿಗೆ ನಮ್ಮಲ್ಲಿ ಕೊರೋನಾಕ್ಕೂ ಧರ್ಮ ಹುಟ್ಟಿತ್ತು. ಅರಸೀಕೆರೆಯಲ್ಲಿ ತಳ್ಳುಗಾಡಿಯಲ್ಲಿ ಹಣ್ಣು ಮಾರುವ ನಮ್ಮ ಓಣಿಯ ಹುಡುಗನನ್ನು, ಹತ್ತು ವರ್ಷ ಕೊಂಡ ಬೀದಿಯವರೇ 'ಈ ಕಡೆ ಬರಬೇಡ' ಎಂದರು. ಮರುವರ್ಷ ಎರಡನೇ ಅಲೆಯಲ್ಲಿ ಅದೇ ಹುಡುಗ ಗೆಳೆಯರನ್ನು ಕಟ್ಟಿಕೊಂಡು, ಮುಟ್ಟುವವರಿಲ್ಲದ ಹೆಣಗಳನ್ನು ಜಾತಿ ಕೇಳದೆ ಸ್ಮಶಾನಕ್ಕೆ ಸಾಗಿಸಿದ. ಅವನನ್ನು ಹೊಗಳಿ ಬರೆಯೋಣವೆಂದರೆ 'ಬೇಡ ಭಾಯಿ, ಮತ್ತೆ ಯಾರಾದರೂ ಏನಾದರೂ ಅಂತಾರೆ' ಎಂದ.

2022 ಬಂತು. ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಎರಡು ಭಿನ್ನ ತೀರ್ಪು. ಇವುಗಳ ನಡುವೆ ಆಪಾನ ಮಗಳ ದ್ವಿತೀಯ ಪಿಯುಸಿ ಹೋಯಿತು. ತಲೆಯ ಬಟ್ಟೆ ತೆಗೆಯಲು ಅವಳು ಒಪ್ಪಲಿಲ್ಲ, ಹಾಕಿಕೊಂಡು ಒಳಗೆ ಬರಲು ಕಾಲೇಜು ಬಿಡಲಿಲ್ಲ. ಮಜಾ ಎಂದರೆ ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳನ್ನು ಓದಿಸುವುದಕ್ಕೆ ಬಟ್ಟೆಯ ನೆಪ ಹೇಳಿ ಅಡ್ಡ ಬಂದವರು ಮೊದಲು ನಮ್ಮ ಹಿರಿಯರೇ. ಅವರನ್ನು ಒಪ್ಪಿಸಲು ಎರಡು ತಲೆಮಾರು ಹಿಡಿದಿತ್ತು.

ಅದೇ ಮಾರ್ಚಿನಲ್ಲಿ ಕಾಪುವಿನ ಮಾರಿಗುಡಿಯ ಸುಗ್ಗಿ ಮಾರಿಪೂಜೆಯಿಂದ ಹಿಡಿದು ಜಾತ್ರೆ ಜಾತ್ರೆಗಳಲ್ಲಿ ಮುಸ್ಲಿಮರಿಗೆ ವ್ಯಾಪಾರವಿಲ್ಲವೆಂಬ ಫಲಕಗಳು ಬಂದವು. ದೇವಾಲಯದ ಜಾಗವನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡುವಂತಿಲ್ಲವೆಂಬ 2002ರ ನಿಯಮವನ್ನು ಸರಕಾರ ವಿಧಾನಮಂಡಲದಲ್ಲಿ ಎತ್ತಿ ತೋರಿಸಿತು. ಇಪ್ಪತ್ತು ವರ್ಷ ಅದು ಯಾರಿಗೂ ನೆನಪಿರಲಿಲ್ಲ. ನಮ್ಮ ಸೀಮೆಯ ಒಂದು ಸಣ್ಣ ಜಾತ್ರೆಯಿಂದ ಮಾಮು ಪೆಟ್ಟಿಗೆ ಬಿಚ್ಚದೆಯೇ ವಾಪಸಾದರು. ಹೋಗೆಂದವರು ಬೈಯಲಿಲ್ಲ, ಹೊಡೆಯಲಿಲ್ಲ. 'ಸಾಬ್ರೆ, ಈ ಸಲ ಬ್ಯಾಡ' ಎಂದಷ್ಟೇ ಅಂದರಂತೆ. ಹೇಳಿದವನ ಅಕ್ಕನ ಮದುವೆಗೆ ಬಳೆ ತೊಡಿಸಿದವರು ಮಾಮುವೇ. ಆ ಜುಲೈನಲ್ಲಿ ದಕ್ಷಿಣ ಕನ್ನಡದಲ್ಲಿ ಹತ್ತೇ ದಿನಗಳೊಳಗೆ ಮೂವರು ಯುವಕರ ಕೊಲೆಯಾಯಿತು. ಇಬ್ಬರು ಮುಸ್ಲಿಮರು, ಒಬ್ಬರು ಹಿಂದೂ. ಮುಖ್ಯಮಂತ್ರಿ ಹೋದದ್ದು ಒಂದು ಮನೆಗೆ, ಪರಿಹಾರ ಸಿಕ್ಕಿದ್ದೂ ಒಂದು ಮನೆಗೆ. ಉಳಿದ ಮನೆಗಳಿಗೆ ಹಣ ಮುಟ್ಟಿದ್ದು ಸರಕಾರ ಬದಲಾದ ಮೇಲೆ, 2023ರಲ್ಲಿ. ಮೂರೂ ಮನೆಯ ತಾಯಂದಿರ ಫೋಟೋಗಳನ್ನು ನಾವು ಪತ್ರಿಕೆಯಿಂದ ಕತ್ತರಿಸಿ ಇಟ್ಟಿದ್ದೇವೆ. ಯಾರದು ಯಾವ ಮನೆಯೆಂದು ಸೆರಗು ನೋಡಿಯೇ ಗುರುತಿಸಬೇಕು.

ಬೇಲೂರು ಆ ವರ್ಷ ತಡೆದುಕೊಂಡಿತು. ಕುರ್‌ಆನ್ ಓದು ಬೇಡವೆಂಬ ಒತ್ತಾಯವಿದ್ದರೂ, ನಡೆದುಬಂದ ಪದ್ಧತಿಯೇ ಇರಲಿ ಎಂದು ಮುಜರಾಯಿ ಇಲಾಖೆ ಹೇಳಿತು. 1932ರ ದೇವಾಲಯದ ಕೈಪಿಡಿಯಲ್ಲೇ ಅದು ಇದೆಯೆಂದು ಪತ್ರಿಕೆಗಳು ಬರೆದವು. ಏಪ್ರಿಲ್ 13ರಂದು ಖಾಜಿ ಸಾಹೇಬರು ಓದಿದರು, ತೇರು ನಡೆಯಿತು. 2023ರಲ್ಲಿ ಮತ್ತೆ ಗಲಾಟೆ. ಈ ಬಾರಿ ಓದು ನಿಲ್ಲಲಿಲ್ಲ, ಜಾಗ ಸರಿಯಿತು. ರಥದ ಮುಂದಿನಿಂದ ದೇವಾಲಯದ ಮೆಟ್ಟಿಲ ಬಳಿಗೆ. ಎಷ್ಟು ದೂರ ಮಹಾ! ಕೆಲವೇ ಹೆಜ್ಜೆ. 'ಓದು ಉಳಿಯಿತಲ್ಲ' ಎಂದು ಕೆಲವರಿಗೆ ಸಮಾಧಾನ. ನಮಗೆ ಆಗಲಿಲ್ಲ. ಪಂಕ್ತಿಯಲ್ಲಿ ಕೂತವನನ್ನು ಎಬ್ಬಿಸಿ ಜಗಲಿಯಲ್ಲಿ ಊಟ ಹಾಕಿದರೆ ಹೊಟ್ಟೆ ತುಂಬುತ್ತದೆ, ನಿಜ.

ಆ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿದವು. 2025ರಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದವು. ಅವರು ಮೈಸೂರು ದಸರಾ ಉದ್ಘಾಟಿಸಬಾರದೆಂದು ಕೋರ್ಟಿಗೆ ಹೋದವರು ಸುಪ್ರೀಂ ಕೋರ್ಟಿನವರೆಗೂ ಹೋಗಿ ಸೋತರು. ಸೆಪ್ಟೆಂಬರ್ 22ರಂದು ಬಾನು ಅವರು ಚಾಮುಂಡಿಗೆ ಹೂ ಹಾಕುವುದನ್ನು ಟಿವಿಯಲ್ಲಿ ನೋಡುತ್ತ ಆಪಾನ ಮಗಳು ಕಣ್ಣೊರೆಸಿಕೊಂಡಳು. ಅವಳೀಗ ಮನೆಯಲ್ಲಿದ್ದೇ ಮುಕ್ತ ವಿಶ್ವವಿದ್ಯಾಲಯದ ಡಿಗ್ರಿಗೆ ಓದುತ್ತಿದ್ದಾಳೆ. ಮಾಮು ಕೇಳಿದ್ದು ಒಂದೇ: 'ಬಾನು ಆಪಾನ ಕೈಲಿ ಬಳೆ ಯಾವುದು, ಕಾಣಿಸಿತಾ?'

ಮಾಮು ಜಾತ್ರೆಗಳನ್ನು ಬಿಟ್ಟಿದ್ದಾರೆ. ಮೊನ್ನೆ ಹಳೇಬೀಡಿನ ಹತ್ತಿರದ ಹಳ್ಳಿಯಿಂದ ಹಳೆಯ ಗಿರಾಕಿ ಅಜ್ಜಿ ಫೋನ್ ಮಾಡಿ, 'ಮೊಮ್ಮಗಳ ಸೀಮಂತ, ನಿನ್ನ ಕೈಯಿಂದಲೇ ಬಳೆ ಆಗ್ಬೇಕು ಕಣಪ್ಪಾ, ಬಾ' ಎಂದರಂತೆ. ಮಾಮು ಸ್ಕೂಟರಿಗೆ ಪೆಟ್ಟಿಗೆ ಕಟ್ಟುವಾಗ ಅಜ್ಜಿಯ ಫೋನ್ ಮತ್ತೆ ಬಂತು. ಬೆಳಕು ಹರಿಯುವ ಮುಂಚೆ ಬರಬೇಕಂತೆ, ಗಾಡಿ ಹಿತ್ತಲಲ್ಲಿ ನಿಲ್ಲಿಸಬೇಕಂತೆ. ಊರಿನ ಹುಡುಗರು ಸರಿಯಿಲ್ಲ ಎಂದು ಅವರೇ ಅಳು ಬಂದವರ ಹಾಗೆ ಹೇಳಿದರಂತೆ. ಮಾಮು ಹೋದರು. ಹಸಿರು ಬಳೆ ತೊಡಿಸಿ, ಒಂದು ಡಜನ್ನು ಸುಮ್ಮನೆ ಕೊಟ್ಟು, ಮಡಿಲಿಗೆ ಹಾಕಿಸಿಕೊಂಡ ತೆಂಗಿನಕಾಯಿ ತಂದು ಅಡುಗೆಮನೆಯಲ್ಲಿಟ್ಟರು. ಹಿತ್ತಲಿನ ವಿಷಯ ಅವರಾಗಿ ಹೇಳಲಿಲ್ಲ. ಸ್ಕೂಟರಿನ ಚಕ್ರಕ್ಕೆ ಮೆತ್ತಿದ ಸಗಣಿ ನೋಡಿ ನಾವೇ ಕೇಳಿದ್ದು.