ಅನ್ಯಾಯ ಸಾಯುವುದಿಲ್ಲ ಎಂಬ ನಂಬಿಕೆ

ದೀಪಾವಳಿ ಕಳೆದ ಮೇಲೆ ಮೇ ಕೊನೆಯ ಪತ್ತನಾಜೆ ಬರುವವರೆಗೆ ಪುತ್ತೂರು, ಸುಳ್ಯ, ಕಡಬದ ಕಡೆ ಎಲ್ಲಾದರೊಂದು ನೇಮ, ಎಂದರೆ ದೈವದ ಉತ್ಸವ, ಇಲ್ಲದ ವಾರ ಸಿಗುವುದು ಅಪರೂಪ. ಹೆಂಚಿನ ಮಾಡಿನ ಹಳೆಯ ಸ್ಥಾನಗಳು ಶಿಲೆಕಲ್ಲಿನ ಗುಡಿಗಳಾಗುತ್ತಿವೆ, ಅಂಗಳಗಳಿಗೆ ಇಂಟರ್‌ಲಾಕ್ ಬರುತ್ತಿದೆ, ಬೆಂಗಳೂರು ಮುಂಬಯಿ ಗಲ್ಫಿನಲ್ಲಿರುವ ಮಕ್ಕಳು ರಜೆ ಹಾಕಿ ಊರಿಗೆ ಬರುತ್ತಾರೆ. 2022ರಲ್ಲಿ ‘ಕಾಂತಾರ’ ಚಿತ್ರ ಬಂದ ಮೇಲಂತೂ ದೈವಗಳಾದ ಪಂಜುರ್ಲಿ, ಗುಳಿಗ ಎಂಬ ಹೆಸರುಗಳು ಘಟ್ಟದ ಮೇಲಿನವರಿಗೂ ಪರಿಚಿತವಾದವು. ಇಷ್ಟೆಲ್ಲ ಕಣ್ಣೆದುರಿಗಿರುವಾಗ ದೈವಾರಾಧನೆ ಕ್ಷೀಣಿಸುತ್ತಿದೆ ಎಂದರೆ ಒಪ್ಪುವವರು ಕಡಿಮೆ. ಆದರೂ ನಾನು ಹೇಳಹೊರಟಿರುವುದು ಅದನ್ನೇ. ಆಚರಣೆ ಬೆಳೆಯುತ್ತಿದೆ, ಅದನ್ನು ಹುಟ್ಟಿಸಿದ ನಂಬಿಕೆ ಬಡವಾಗುತ್ತಿದೆ. ಆ ನಂಬಿಕೆಯ ತಿರುಳು ಇಷ್ಟು: ಅನ್ಯಾಯಕ್ಕೆ ಬಲಿಯಾದವರು ಸತ್ತು ಮುಗಿಯುವುದಿಲ್ಲ, ಮಾಯಕ್ಕೆ ಸಂದು ದೈವವಾಗಿ ಅದೇ ಮಣ್ಣಿನಲ್ಲಿ ಉಳಿಯುತ್ತಾರೆ, ಅವರಿಗೆ ಏನಾಯಿತೆಂಬುದಕ್ಕೆ ಊರು ವರ್ಷವರ್ಷವೂ ಉತ್ತರ ಹೇಳುತ್ತಲೇ ಇರಬೇಕು.

ಇದು ನನ್ನ ಕಲ್ಪನೆಯಲ್ಲ ಎನ್ನುವುದಕ್ಕೆ ಈ ಮೂರು ತಾಲೂಕುಗಳ ನೆಲವೇ ಸಾಕ್ಷಿ. ಅವಳಿ ವೀರರಾದ ಕೋಟಿ ಚೆನ್ನಯರ ಪಾಡ್ದನವನ್ನು, ಎಂದರೆ ಹಾಡುಗಥೆಯನ್ನು, ನಕಾಶೆಯ ಹಾಗೆ ಹಿಡಿದು ನಡೆಯಬಹುದು. ಪುತ್ತೂರಿನ ದಕ್ಷಿಣಕ್ಕಿರುವ ಪಡುಮಲೆಯಲ್ಲಿ ಮದ್ದು ಬಲ್ಲ ತುಂಬು ಬಸುರಿ ದೇಯಿ ಬೈದೆತಿ ಅಲ್ಲಿನ ಅರಸ ಬಲ್ಲಾಳನ ಕಾಲಿನ ಹುಣ್ಣನ್ನು ವಾಸಿ ಮಾಡುತ್ತಾಳೆ, ಅವಳಿ ಮಕ್ಕಳನ್ನು ಹೆತ್ತು ತೀರಿಕೊಳ್ಳುತ್ತಾಳೆ. ಅವಳ ಮಕ್ಕಳಿಗೆ ಸಲ್ಲಬೇಕಾದದ್ದು ಸಲ್ಲುವುದಿಲ್ಲ. ಗದ್ದೆಯ ನೀರಿನ ಜಗಳದಲ್ಲಿ ಬಲ್ಲಾಳನ ಮಂತ್ರಿ ಬುದ್ಯಂತ ಸಾಯುತ್ತಾನೆ, ಬಲ್ಲಾಳನ ಮಾತು ತಪ್ಪುತ್ತದೆ, ಅವಳಿಗಳು ಊರು ಬಿಡುತ್ತಾರೆ. ಪಂಜದಲ್ಲಿ ಅಕ್ಕ ಕಿನ್ನಿದಾರು ಸಿಗುತ್ತಾಳೆ, ಅದೇ ಪಂಜದಲ್ಲಿ ಸೆರೆಯೂ ಕಾದಿರುತ್ತದೆ. ಕೊನೆಗೆ ಆಶ್ರಯ ಕೊಟ್ಟ ಎಣ್ಮೂರಿನ ಪರವಾಗಿ ಕಾದಾಡಿ ಇಬ್ಬರೂ ಅಳಿಯುತ್ತಾರೆ. ಪಡುಮಲೆ, ಪಂಜ, ಎಣ್ಮೂರು ಇವತ್ತಿಗೂ ಬಸ್ಸಿನ ಬೋರ್ಡಿನಲ್ಲಿ ಓದಬಹುದಾದ ಹೆಸರುಗಳು. ತುಳುನಾಡಿನ ಉದ್ದಕ್ಕೂ ಈ ಅವಳಿಗಳನ್ನು ಆರಾಧಿಸುವ ಅರುವತ್ತಾರು ಗರಡಿಗಳು ಎಂದು ಹಿರಿಯರು ಹೇಳುವ ಲೆಕ್ಕವಿದೆ. ಗರಡಿಯಲ್ಲಿ ಕೈ ಮುಗಿಯುವವನು ಗೆದ್ದ ಅರಸನಿಗೆ ಮುಗಿಯುತ್ತಿಲ್ಲ. ಅರಸನ ಹೆಸರು ಕಥೆಯಲ್ಲಿ ಉಳಿದಿರುವುದು ಮಾತಿಗೆ ತಪ್ಪಿದವನೆಂದು. ಪೂಜೆ ಸಲ್ಲುತ್ತಿರುವುದು ಮೋಸಹೋದ ಬೈದ್ಯರ ಮಕ್ಕಳಿಗೆ.

ಒಂದು ಕಥೆಯಿಂದ ಒಂದು ಧರ್ಮವನ್ನು ಅಳೆಯಬಾರದು, ನಿಜ. ಕಲ್ಕುಡನ ಕಥೆ ನೋಡೋಣ. ಕಾರ್ಕಳದ ಗೊಮ್ಮಟ 1432ರಲ್ಲಿ ವೀರಪಾಂಡ್ಯ ಭೈರರಸನ ಕಾಲದಲ್ಲಿ ನಿಂತದ್ದು ಚರಿತ್ರೆ. ಆ ಮೂರ್ತಿಯನ್ನು ಕಡೆದ ಶಿಲ್ಪಿ ಇನ್ನೆಲ್ಲೂ ಅಂಥದ್ದನ್ನು ಕಡೆಯಬಾರದೆಂದು ಅರಸ ಅವನ ಒಂದು ಕೈ ಒಂದು ಕಾಲು ಕಡಿಸಿದನೆನ್ನುವುದು ಪಾಡ್ದನ. ಶಿಲ್ಪಿ ಕಲ್ಕುಡನಾದ, ಅಣ್ಣನಿಗಾಗಿ ಸಿಡಿದ ತಂಗಿ ಕಲ್ಲುರ್ಟಿಯಾದಳು. ಇನ್ನೊಂದು ಕಥೆ ಸುಳ್ಯದ ಕಡೆಯದು. ಅಲ್ಲಿ ಒತ್ತೆಕೋಲದಲ್ಲಿ ಕೆಂಡಕ್ಕೆ ಬೀಳುವ ವಿಷ್ಣುಮೂರ್ತಿಯನ್ನು ನರಸಿಂಹನೆಂದೇ ನಂಬುತ್ತಾರೆ, ಹೆಸರು ಪುರಾಣದ್ದು. ಆದರೆ ಆ ದೈವ ಮಲೆಯಾಳದ ಕಡೆಯಿಂದ ಬಂದ ದಾರಿಯಲ್ಲಿ ಪಾಲಂದಾಯಿ ಕಣ್ಣನ್ ಎಂಬ ದನ ಕಾಯುವ ಆಳೊಬ್ಬನಿದ್ದಾನೆ, ನೀಲೇಶ್ವರದಲ್ಲಿ ಒಡೆಯನ ಕತ್ತಿಗೆ ಸಿಕ್ಕಿ ಸತ್ತವನು. ಅವನ ಸಾವಿನ ಬಳಿಕ ಒಡೆಯನ ಮನೆಗೆ ನೆಮ್ಮದಿ ಇಲ್ಲದಾಯಿತೆಂಬುದರಿಂದ, ಮಲೆಯಾಳದಲ್ಲಿ ತೆಯ್ಯವೆನಿಸಿದ ಈ ದೈವದ ಕಥೆ ಮುಂದುವರಿಯುತ್ತದೆ. ವಿಷ್ಣುವಿನ ಅವತಾರವೇ ಈ ನೆಲಕ್ಕೆ ಇಳಿಯಬೇಕಿದ್ದರೂ ಕೊಲೆಯಾದ ಆಳಿನ ಬೆನ್ನಿಗೆ ನಿಂತೇ ಬರಬೇಕಾಯಿತು. ಎಲ್ಲ ದೈವಗಳ ಹುಟ್ಟೂ ಹೀಗೆಯೇ ಎನ್ನಲಾರೆ. ಪಂಜುರ್ಲಿಯ ಮೂಲದಲ್ಲಿ ಹಂದಿಯಿದೆ, ಜುಮಾದಿಯದು ಬೇರೆಯೇ ಕಥೆ. ಆದರೆ ಮನುಷ್ಯರಾಗಿದ್ದು ದೈವವಾದವರ ಪಾಡ್ದನಗಳನ್ನು ಸಾಲಾಗಿ ಕೇಳಿದರೆ ಮತ್ತೆ ಮತ್ತೆ ಎದುರಾಗುವುದು ಅಧಿಕಾರದಲ್ಲಿದ್ದವನ ಒಂದು ತಪ್ಪು.

ಈ ನಂಬಿಕೆ ಬರೀ ಕಥೆಯಾಗಿದ್ದಿದ್ದರೆ ಇಷ್ಟು ಕಾಲ ಬಾಳುತ್ತಿರಲಿಲ್ಲ. ಅದಕ್ಕೆ ಒಂದು ವ್ಯವಸ್ಥೆ ಇತ್ತು. ಗಡಿ ಹಿಡಿದ, ಎಂದರೆ ದೈವದ ಕಾರ್ಯದ ಹೊಣೆ ಹೊತ್ತ, ಯಜಮಾನ ದೈವದ ಮುಂದೆ ನಿಂತು ಮದಿಪು, ಎಂದರೆ ಬಿನ್ನಹ, ಹೇಳಬೇಕು, ದೈವದ ನುಡಿಗೆ ಎಲ್ಲರ ಎದುರಿನಲ್ಲಿ ಮರುನುಡಿ ಕೊಡಬೇಕು. ಬದುವಿನ ತಕರಾರು, ಪಾಲಿನ ಜಗಳ, ಕದ್ದ ಮಾಲು, ಕೊಟ್ಟ ಮಾತು, ಎಲ್ಲವೂ ಆ ಅಂಗಳಕ್ಕೆ ಬರುತ್ತಿದ್ದವು. ಠಾಣೆಗೆ ಹೆದರದವನೂ ದೈವದ ಕಲ್ಲಿನ ಮುಂದೆ ಸುಳ್ಳು ಆಣೆ ಹಾಕಲು ಹಿಂಜರಿಯುತ್ತಿದ್ದ. ಅದಕ್ಕೇ ದೈವ ಒಂದು ಜಾಗಕ್ಕೆ ಸೇರಿದ್ದು. ಇಂಥ ಬನ, ಇಂಥ ಕಲ್ಲು, ಇಂಥ ಮನೆಯ ಚಾವಡಿ ಎಂಬ ನಿಖರತೆ ಇಲ್ಲದೆ ಲೆಕ್ಕ ಕೇಳುವುದು ಹೇಗೆ? ಆಟಿ ತಿಂಗಳಲ್ಲಿ ದೈವಗಳು ಘಟ್ಟ ಹತ್ತುತ್ತವೆ, ಊರು ಒಂದು ತಿಂಗಳು ಅವುಗಳಿಲ್ಲದೆ ಇರಬೇಕು ಎಂಬ ನಂಬಿಕೆಯೂ ಇದಕ್ಕೆ ಹೊಂದುತ್ತದೆ. ಎಲ್ಲೆಲ್ಲೂ ಇರುವ ದೇವರು ಹೊರಟುಹೋಗಲಾರ; ಹೊರಟುಹೋಗಬಲ್ಲ ದೈವ ಮಾತ್ರ ಮರಳಿ ಬಂದಾಗ ಏನು ನಡೆಯಿತೆಂದು ವಿಚಾರಿಸಬಲ್ಲದು.

ಇದು ಸಡಿಲವಾದದ್ದು ಹೇಗೆಂದು ಹುಡುಕುವಾಗ 1974ರ ಭೂಸುಧಾರಣೆಯನ್ನು ಬಿಟ್ಟು ಮಾತಾಡಲಾಗದು. ದಕ್ಷಿಣ ಕನ್ನಡದಲ್ಲಿ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದರು. ಧಣಿಗಳ ಮನೆಗಳಾದ ಗುತ್ತು ಬೀಡುಗಳ ಗೇಣಿ ನಿಂತಿತು, ನೇಮದ ಖರ್ಚು ಹೊರುವ ಕೈಗಳು ಬದಲಾದವು. ಧಣಿಯ ಜಾಗಕ್ಕೆ ಸಮಿತಿ ಬಂತು, ರಶೀದಿ ಪುಸ್ತಕ ಬಂತು, ದಾನಿಗಳ ಹೆಸರಿನ ಫಲಕ ಬಂತು. ಇದನ್ನು ದೂರುವ ಕಾರಣವೇ ಇಲ್ಲ. ನ್ಯಾಯವಾಗಿ ಸಿಕ್ಕ ಭೂಮಿ ಅದು. ಪರಿಣಾಮವೊಂದನ್ನು ಮಾತ್ರ ಗಮನಿಸಬೇಕು: ದೈವದ ಎದುರು ತಪ್ಪಿಗೆ ಉತ್ತರಿಸಬೇಕಾದ ನಿರ್ದಿಷ್ಟ ವ್ಯಕ್ತಿ ಮಸುಕಾದ. ಸ್ಥಾನದಲ್ಲಿ ಏನು ಲೋಪವಿದೆಯೆಂದು ದೈವವನ್ನೇ ಕೇಳುತ್ತಿದ್ದ ಕಡೆ ಈಗ ಜ್ಯೋತಿಷಿಗಳಿಂದ ಅಷ್ಟಮಂಗಲ ಪ್ರಶ್ನೆ ಇಡಿಸುತ್ತಾರೆ. ಅದರಲ್ಲಿ ಬರುವ ಪರಿಹಾರ ಬಹುಪಾಲು ಹೋಮ, ಕಲಶ, ಪುನಃಪ್ರತಿಷ್ಠೆ. ನೆರೆಯವನ ಬದು ಒತ್ತಿದ್ದನ್ನು ಬಿಟ್ಟುಕೊಡಬೇಕೆಂಬ ಪರಿಹಾರ ಅಪರೂಪ. ಮರಗಳು ದಟ್ಟವಾಗಿದ್ದ ನಾಗಬನಗಳಲ್ಲಿ ಕಾಂಕ್ರೀಟಿನ ಕಟ್ಟೆಗಳೆದ್ದಿವೆ. ಹರಕೆ ಉಳಿದಿದೆ, ಬೆಳೆದಿದೆ ಕೂಡ: ಮಗನಿಗೆ ಕೆಲಸ ಸಿಗಲಿ, ಕೋರ್ಟು ಕೇಸು ಗೆಲ್ಲಲಿ. ಬೇಡುವವರಿದ್ದಾರೆ. ಉತ್ತರ ಹೇಳಲು ನಿಲ್ಲುವವರು ಕಡಿಮೆಯಾಗಿದ್ದಾರೆ.

ಇಲ್ಲಿ ಬರುವ ಮೊದಲ ಆಕ್ಷೇಪ ಬಲವಾದದ್ದು. ಇದೆಲ್ಲ ಧಣಿಗಳು ಕಟ್ಟಿದ ಏರ್ಪಾಡು, ಹೋದದ್ದೇ ಒಳ್ಳೆಯದು ಎನ್ನುತ್ತಾರೆ. ದೈವ ಕಟ್ಟುವ ನಲಿಕೆ, ಪರವ, ಪಂಬದ ಸಮುದಾಯದವರು ಅಣಿ ಕಟ್ಟಿ ನಿಂತಾಗ ಕೈಜೋಡಿಸಿದ ಗುತ್ತಿನ ಯಜಮಾನ ಮರುದಿನ ಅವರನ್ನು ಚಾವಡಿಗೆ ಹತ್ತಿಸಲಿಲ್ಲ ಎಂಬುದು ಸತ್ಯ, ಇದಕ್ಕೆ ಯಾವ ಸಮರ್ಥನೆಯೂ ಇಲ್ಲ. ಪುತ್ತೂರಿನಲ್ಲಿ ಬಹುಕಾಲ ಬದುಕಿದ ಶಿವರಾಮ ಕಾರಂತರು 1933ರ ‘ಚೋಮನ ದುಡಿ’ಯಲ್ಲಿ ಈ ಸಂಕಟವನ್ನು ಕಂಡಿದ್ದರು. ಮತಾಂತರವಾದರೆ ಭೂಮಿ ಸಿಕ್ಕೀತೆಂದು ಹೊರಟ ಚೋಮನನ್ನು ಪಂಜುರ್ಲಿಯ ಮೇಲಿನ ಭಕ್ತಿ ಹಿಂದಕ್ಕೆಳೆಯುತ್ತದೆ. ಅದೇ ಪಂಜುರ್ಲಿಯಿಂದ ಅವನಿಗೆ ಒಂದು ತುಂಡು ಗದ್ದೆಯೂ ಸಿಗುವುದಿಲ್ಲ. ಭೂಮಿ ಕೊಟ್ಟದ್ದು ಕಾನೂನು, ದೈವವಲ್ಲ. ಇದನ್ನು ಪೂರ್ತಿ ಒಪ್ಪಿಕೊಂಡೇ ಹೇಳುತ್ತೇನೆ: ನಂಬಿಕೆ ಅದನ್ನು ಹಿಡಿದಿದ್ದವರಿಗಿಂತ ದೊಡ್ಡದಾಗಿತ್ತು. ಧಣಿಯೇ ಇದನ್ನು ಕಟ್ಟಿದ್ದರೆ ಪ್ರತಿವರ್ಷ ತನ್ನಂಥವನ ಅಪರಾಧವನ್ನೇ ತನ್ನ ಅಂಗಳದಲ್ಲಿ ಹಾಡಿಸಿಕೊಳ್ಳುತ್ತಿರಲಿಲ್ಲ. ಕಥೆಯನ್ನು ಹಾಡಿದವರು, ಕಟ್ಟಿ ಕುಣಿದವರು ದುಡಿಯುವವರು. ಅವರಿಗೆ ಸಿಕ್ಕದ ನ್ಯಾಯವನ್ನು ಅವರು ಮರೆಯಾಗಲು ಬಿಡಲಿಲ್ಲ. ಕಾನೂನು ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿ ಚೀಟಿಯೇ ಇಲ್ಲದೆ ದುಡಿದು ಸತ್ತ ಆಳುಗಳ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಅಂಥವರಿಗೆ ಊರು ಋಣಿ ಎಂದು ಹೇಳುವ ಜಾಗ ಬೇರೆ ಯಾವುದಿದೆ?

ಎರಡನೆಯ ಆಕ್ಷೇಪ, ಧರ್ಮಗಳು ಯಾವಾಗಲೂ ಬದಲಾಗುತ್ತಲೇ ಬಂದಿವೆ ಎಂಬುದು. ಹೌದು, ಕುಂಬಳೆಯ ಆರಿಕ್ಕಾಡಿಯಲ್ಲಿ ಆಲಿ ಭೂತವಿದೆ. ಬ್ಯಾರಿ ಮೂಲದ ಬೊಬ್ಬರ್ಯನಿದ್ದಾನೆ. ಬಂದದ್ದನ್ನೆಲ್ಲ ಒಳಗೆ ತೆಗೆದುಕೊಂಡ ಧರ್ಮವಿದು. ಹಾಗಾಗಿ ವೈದಿಕ ವಿಧಿ ಸೇರಿತೆಂಬುದೇ ನನ್ನ ದೂರಲ್ಲ. ಹಿಂದಿನ ಬದಲಾವಣೆಗಳಲ್ಲಿ ಹೊಸಬರು ದೈವದ ಷರತ್ತಿಗೆ ಒಳಪಟ್ಟರು: ವಿಷ್ಣುಮೂರ್ತಿಯೂ ಕಣ್ಣನ್‌ನ ಸಾವಿಗೆ ಲೆಕ್ಕ ಕೇಳಿದ. ಈಗಿನ ಬದಲಾವಣೆಯಲ್ಲಿ ಕಲ್ಕುಡ ಶಿವನ ಗಣ, ಗುಳಿಗ ಶಿವನ ಅಂಶ ಎಂಬ ಮಾತು ಮೊದಲು ಬರುತ್ತದೆ, ಕಡಿದ ಕೈಯ ಮಾತು ಹಿಂದೆ ಸರಿಯುತ್ತದೆ. ಮೂಲದಲ್ಲೇ ದೇವಾಂಶವಾಗಿದ್ದವನಿಗೆ ಯಾರೂ ಅನ್ಯಾಯ ಮಾಡಿರಲು ಸಾಧ್ಯವಿಲ್ಲ. ಅನ್ಯಾಯವೇ ಇಲ್ಲವಾದ ಮೇಲೆ ಅರಸನ ಮೇಲೂ ನಮ್ಮ ಮೇಲೂ ಹೊರೆಯಿಲ್ಲ. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಅಧಿಕಾರಿ ಬರ್ನೆಲ್ ಪಾಡ್ದನಗಳನ್ನು ಸಂಗ್ರಹಿಸಿದರು. ಅವರು ತೀರಿಕೊಂಡ ಮೇಲೆ 1894ರಿಂದ ಅಚ್ಚಾದ ಆ ಬರಹಗಳ ತಲೆಬರಹದಲ್ಲಿ ಇದು ಪಿಶಾಚಿಗಳ ಆರಾಧನೆ ಎಂದಿತ್ತು. ಆ ಬೈಗುಳ ತೊಳೆಯಲು ನಮ್ಮವರು ದೈವಗಳಿಗೆ ಪುರಾಣದ ವಂಶಾವಳಿ ಹುಡುಕಿದ್ದು ಅರ್ಥವಾಗುವಂಥದ್ದೇ. ಆದರೆ ಆ ಗೌರವಕ್ಕೆ ತೆತ್ತ ಬೆಲೆ ದೊಡ್ಡದು.

ನೇಮದಲ್ಲಿ ಹೆಚ್ಚುತ್ತಿರುವ ಯುವಕರನ್ನು ತೋರಿಸಿ ಸಮಾಧಾನ ಹೇಳುವವರೂ ಇದ್ದಾರೆ. ಅವರ ಭಕ್ತಿಯನ್ನು ನಾನು ಅನುಮಾನಿಸುವುದಿಲ್ಲ. ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಾರೆಂಬ ದೂರೂ ನನಗೆ ಮುಖ್ಯವಲ್ಲ. ಅವರಿಗೆ ದೈವದ ಕಥೆ ಕೇಳಿಸುತ್ತಿದೆಯೇ ಎಂಬುದು ಪ್ರಶ್ನೆ. ಕಟ್ಟುವವರು ಬಣ್ಣ ಹಚ್ಚಿಕೊಳ್ಳುವ ಹೊತ್ತಿಗೆ ಅವರ ಮನೆಯ ಹೆಂಗಸರು ತೆಂಬರೆ ಎಂಬ ಚರ್ಮವಾದ್ಯ ಬಡಿದು ಪಾಡ್ದನ ಹೇಳುತ್ತಾರೆ. ದೈವ ಯಾರು, ಎಲ್ಲಿ ಹುಟ್ಟಿತು, ಯಾರಿಂದ ನೊಂದಿತು ಎಂಬ ಫಿರ್ಯಾದಿ ದಾಖಲಾಗುವುದು ಆ ಹೊತ್ತಿನಲ್ಲಿ. ಗಗ್ಗರ, ಕೆಂಡ, ನುಡಿ ಎಲ್ಲ ಅದರ ನಂತರ. ಸಮಯದ ಅಭಾವವೆಂದು ಮೊದಲು ಮೊಟಕಾಗುವುದೂ ಅದೇ. ಊಟದ ಸಾಲು, ಸಭಾ ಕಾರ್ಯಕ್ರಮ, ಬ್ಯಾಂಡಿನ ಸದ್ದಿನ ನಡುವೆ ತೆಂಬರೆಗೆ ಮೈಕೇ ಇರುವುದಿಲ್ಲ. ಅಲ್ಲದೆ ಅದನ್ನು ಬಲ್ಲ ಅಜ್ಜಿಯಂದಿರ ನಂತರ ಕಲಿಯುವವರೂ ವಿರಳ. ಸರಕಾರ 2022ರಲ್ಲಿ ಅರುವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು, ಒಳ್ಳೆಯದೇ ಆಯಿತು. ಪಾಡ್ದನ ಹೇಳುವ ಹೆಂಗಸರಿಗೂ ಅಂಥದ್ದೊಂದು ಬೇಕು. ಜೀರ್ಣೋದ್ಧಾರಕ್ಕೆ ಲಕ್ಷಗಟ್ಟಲೆ ಕೂಡಿಸುವ ಸಮಿತಿಗಳು ನೇಮದ ಆಮಂತ್ರಣ ಅಚ್ಚು ಹಾಕಿಸುವಾಗ ಭಂಡಾರ ಇಳಿಯುವ ಗಂಟೆ, ಅನ್ನಸಂತರ್ಪಣೆಯ ಗಂಟೆ ಎಂದು ಬರೆಯುವಂತೆ ಪಾಡ್ದನದ ಗಂಟೆಯನ್ನೂ ಬರೆಯಲಿ, ಆ ಹೊತ್ತಿಗೆ ಬ್ಯಾಂಡು ನಿಲ್ಲಿಸಲಿ, ಗಡಿ ಹಿಡಿದವರು ಮುಂದಿನ ಸಾಲಿನಲ್ಲಿ ಕೂತು ಕಥೆ ಮುಗಿಯುವ ತನಕ ಕೇಳಲಿ.