ರಾಣಿಬಾಗಿನ ಆನೆ, ಕುದುರೆ

ಬೈಕುಲಾದ ರಾಣಿಬಾಗ್ ಮೃಗಾಲಯದ ಟಿಕೆಟ್ ಕಿಟಕಿಯಲ್ಲಿ ಫ್ಯಾಮಿಲಿ ಎಂಬ ಪದಕ್ಕೆ ಖಚಿತವಾದ ಅರ್ಥವಿದೆ. ಗಂಡ, ಹೆಂಡತಿ, 15 ವರ್ಷದೊಳಗಿನ ಇಬ್ಬರು ಮಕ್ಕಳು. ಇಷ್ಟಕ್ಕೆ 100 ರೂಪಾಯಿ. ಬಿಡಿಯಾಗಿ ಕೊಂಡರೆ ದೊಡ್ಡವರಿಗೆ 50, ಮಕ್ಕಳಿಗೆ 25. ಅಂದರೆ ಸಂಸಾರಸ್ಥನಾಗಿದ್ದಕ್ಕೆ ಮುಂಬೈ ಮಹಾನಗರ ಪಾಲಿಕೆ ನನಗೆ 50 ರೂಪಾಯಿ ಸೋಡಿ ಬಿಡುತ್ತದೆ. ಬೇರೆ ಯಾರೂ ಬಿಟ್ಟ ನೆನಪಿಲ್ಲ.

ಮಕ್ಕಳ ಮೇ ರಜೆಗೆಂದು ಕುಂದಾಪುರದಿಂದ ಬಂದಿದ್ದ ಅಮ್ಮ ಈ ಲೆಕ್ಕದಿಂದ ಹೊರಗುಳಿದಳು. ಕಿಟಕಿಯ ಮುಂದೆ ನಾನು ಬೆರಳು ಮಡಚುವುದನ್ನು ನೋಡಿ, "ಅಲ್ಲ ಮಗಾ, ನಾನೆಂತ ಫ್ಯಾಮಿಲಿ ಅಲ್ದಾ?" ಎಂದಳು. ಹಿಂದೆ ಸಾಲಿನಲ್ಲಿ ನಿಂತಿದ್ದ ಯಾರೋ ನಕ್ಕರು. ನಮ್ಮ ಕಡೆಯವರೇ ಇರಬೇಕು. ಮುಂಬೈಯಲ್ಲಿ ಕುಂದಾಪುರ ಕನ್ನಡವನ್ನು ಗುಟ್ಟಾಗಿ ಮಾತಾಡಲು ಸಾಧ್ಯವಿಲ್ಲ.

ಅಮ್ಮ ಬಂದಿದ್ದು ಪ್ರಾಣಿ ನೋಡಲಿಕ್ಕಲ್ಲ, ಒಂದು ಆನೆ ನೋಡಲಿಕ್ಕೆ. ಅರವತ್ತರ ದಶಕದಲ್ಲಿ ಅಪ್ಪಯ್ಯ ಕೋಟೆ ಭಾಗದ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುತ್ತ, ರಾತ್ರಿ ಕನ್ನಡ ಶಾಲೆಯಲ್ಲಿ ಓದುತ್ತ ಇದ್ದವರು. ಆಗಿನ ಹೋಟೆಲ್ ಹುಡುಗರಿಗೆ ರಜೆ ಸಿಕ್ಕರೆ ಎರಡೇ ದಾರಿ: ಒಂದು ಚೌಪಾಟಿ, ಇನ್ನೊಂದು ರಾಣಿಬಾಗ್. ಇಲ್ಲಿ ಆನೆಯ ಮೇಲೆ ಸವಾರಿ ಮಾಡಿಸುತ್ತಿದ್ದರು. ಅಪ್ಪಯ್ಯ ಒಮ್ಮೆ ಹತ್ತಿ ಕೂತು, ಆ ಸುದ್ದಿಯನ್ನು ಇನ್‌ಲ್ಯಾಂಡ್ ಕಾಗದದಲ್ಲಿ ಊರಿಗೆ ಬರೆದಿದ್ದರಂತೆ. ಮದುವೆಯಾದ ಮೇಲೆ ಅಮ್ಮ ಆ ಆನೆಯ ಕತೆಯನ್ನು ನಲವತ್ತು ವರ್ಷ ಕೇಳಿದಳು. ಪ್ರತಿ ಸಲವೂ ಆನೆ ಒಂದೊಂದು ಅಡಿ ಎತ್ತರವಾಗುತ್ತಿತ್ತು.

ಬಾಗಿಲು ದಾಟಿದರೆ ಮೊದಲು ಸಿಗುವುದು ನೆರಳು. ಬೈಕುಲಾ ಸ್ಟೇಷನ್ನಿನಿಂದ ಬೆವರು ಒರೆಸುತ್ತ ನಡೆದು ಬಂದವರಿಗೆ ಅದೇ ಅರ್ಧ ಟಿಕೆಟಿನ ಬೆಲೆ. 1862ರಲ್ಲಿ ಇದು ತೆರೆದದ್ದೇ ಗಿಡಮರಗಳ ತೋಟವಾಗಿ, ವಿಕ್ಟೋರಿಯಾ ಗಾರ್ಡನ್ಸ್ ಎಂಬ ಹೆಸರಿನಲ್ಲಿ. ಜನ ಅದನ್ನು ರಾಣಿಬಾಗ್ ಮಾಡಿಕೊಂಡರು. ಆಮೇಲೆ ಸರ್ಕಾರಿ ಕಾಗದದಲ್ಲಿ ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನವಾಯಿತು. ಕಂಡಕ್ಟರಿಗೂ ಟ್ಯಾಕ್ಸಿಯವನಿಗೂ ಅದು ಈಗಲೂ ರಾಣಿಬಾಗೇ. ಜಿಜಾಬಾಯಿಯೂ ರಾಣಿಯೇ ಆದದ್ದರಿಂದ ಯಾರಿಗೂ ತಕರಾರಿಲ್ಲ.

ಇಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮರಗಳಿವೆ. ಹಿಂದೊಮ್ಮೆ ಝೂವನ್ನು ಕೋಟಿಗಟ್ಟಲೆ ಖರ್ಚಿನಲ್ಲಿ ಹೊಸದಾಗಿ ಕಟ್ಟುವ ಯೋಜನೆ ಬಂದಾಗ ಈ ಮರಗಳ ಪರವಾಗಿ ವರ್ಷಗಟ್ಟಲೆ ಕಡತ ಹಿಡಿದು ಓಡಾಡಿದವರು ನಗರದ ಕೆಲವು ಹೆಂಗಸರು. ಪ್ರಾಣಿ ನೋಡಲು ಓಡುವ ಮಕ್ಕಳನ್ನು ನಾನು ಬೇಕೆಂದೇ ಬಾವೊಬಾಬ್ ಮರದ ಬಳಿ ನಿಲ್ಲಿಸುತ್ತೇನೆ. ಆಫ್ರಿಕಾದಿಂದ ಬಂದದ್ದು, ಕಾಂಡ ಅಕ್ಕಿ ಮುಡಿಯ ಹಾಗೆ. ಮರಾಠಿಯಲ್ಲಿ ಗೋರಖ್ ಚಿಂಚ್, ಗೋರಖನಾಥನ ಹುಣಸೆ. ಇದೇ ಜಾತಿಯ ಮೂರು ಮುದುಕ ಮರಗಳು ಹಾವೇರಿ ಜಿಲ್ಲೆಯ ಸವಣೂರಿನ ಮಠದಲ್ಲಿವೆ. ಅಲ್ಲಿಯವರು ದೊಡ್ಡ ಹುಣಸೆ ಅನ್ನುತ್ತಾರೆ. ಹುಣಸೆಗೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಹಣ್ಣು ಸ್ವಲ್ಪ ಹುಳಿ, ಅಷ್ಟೇ. ಹುಳಿ ಇದ್ದ ಮೇಲೆ ಹುಣಸೆ ಎಂದು ಎರಡೂ ಕಡೆಯವರು ತೀರ್ಮಾನಿಸಿಬಿಟ್ಟಿದ್ದಾರೆ.

ನೀರಾನೆಯ ಕೊಳದ ಹತ್ತಿರ ಹೆಸರಿನ ಗೊಂದಲ ಇನ್ನೂ ಹೆಚ್ಚಾಯಿತು. ನಾನು ಮಕ್ಕಳಿಗೆ "ನೀರಾನೆ" ಎಂದೆ. ಪಕ್ಕದ ಮರಾಠಿ ತಾಯಿ ತನ್ನ ಮಗುವಿಗೆ "ಪಾಣಘೋಡಾ", ಅಂದರೆ ನೀರುಕುದುರೆ, ಎಂದಳು. ಕನ್ನಡದಲ್ಲೂ ಕೆಲವರು ನೀರ್ಕುದುರೆ ಅನ್ನುವುದುಂಟು. ಆನೆಯೋ ಕುದುರೆಯೋ ಎಂದು ನಾವು ನಾಲ್ಕು ಜನ ಚರ್ಚಿಸುತ್ತಿರುವಾಗ ಆ ಪ್ರಾಣಿ ಎರಡು ಕಣ್ಣು, ಎರಡು ಕಿವಿ, ಎರಡು ಮೂಗಿನ ಹೊಳ್ಳೆ, ಇಷ್ಟನ್ನು ಮಾತ್ರ ಮೇಲಿಟ್ಟು ಉಳಿದ ದೇಹವನ್ನೆಲ್ಲ ಹಸಿರು ನೀರಿನೊಳಗೆ ಬಚ್ಚಿಟ್ಟುಕೊಂಡಿತ್ತು. ಐದು ನಿಮಿಷಕ್ಕೊಮ್ಮೆ ಒಂದು ಕಿವಿ ಪಟಪಟ ಆಡುತ್ತಿತ್ತು, ಮಧ್ಯಾಹ್ನದ ನಿದ್ದೆಯಲ್ಲಿ ನೊಣ ಓಡಿಸುವವರ ಕೈಯ ಹಾಗೆ. "ಇದಕ್ಕೆ ಹುಷಾರಿಲ್ಯಾ?" ಎಂದಳು ಅಮ್ಮ.

ಪೆಂಗ್ವಿನ್ ಮನೆಯ ಸಾಲು ಉದ್ದವಾದದ್ದು. 2016ರ ಜುಲೈಯಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಿಂದ ಎಂಟು ಹಂಬೋಲ್ಟ್ ಪೆಂಗ್ವಿನ್‌ಗಳು ಬಂದವು, ಮರುವರ್ಷ ಮಾರ್ಚಿನಿಂದ ಪ್ರದರ್ಶನ ಶುರುವಾಯಿತು. ಅಲ್ಲಿಯವರೆಗೆ ದೊಡ್ಡವರಿಗೆ 5 ರೂಪಾಯಿ ಇದ್ದ ಟಿಕೆಟು 50 ಆದದ್ದು ಈ ಕಪ್ಪು ಕೋಟಿನವರ ದೆಸೆಯಿಂದ. ಒಳಗೆ ಹೊಕ್ಕರೆ ತಣ್ಣಗೆ. ಅಮ್ಮ ಸೆರಗು ಹೊದ್ದುಕೊಂಡಳು. ಮೇ ತಿಂಗಳಲ್ಲಿ ಇಲ್ಲಿ ನಿಂತವರಲ್ಲಿ ಪೆಂಗ್ವಿನ್ ಪ್ರಿಯರೆಷ್ಟು, ಏಸಿ ಪ್ರಿಯರೆಷ್ಟು ಎಂದು ಹೇಳುವುದು ಕಷ್ಟ. ಹಿಮ ಎಲ್ಲಿ ಎಂದು ಮಗಳು ಕೇಳಿದಳು. ಈ ಜಾತಿಗೆ ಹಿಮ ಬೇಕಿಲ್ಲ, ಇವು ಪೆರು, ಚಿಲಿಯ ಕರಾವಳಿಯವು, ನಮ್ಮ ಹಾಗೆ ಕಡಲ ಮೀನು ತಿಂದು ಬದುಕುವವು ಎಂದೆ. ಒಂದು ಪೆಂಗ್ವಿನ್ ಗಾಜಿನ ಹತ್ತಿರವೇ ಬಂದು ನಿಂತಿತು. ಕೊಕ್ಕಿನ ಬುಡದಲ್ಲಿ ಗುಲಾಬಿ ಬಣ್ಣದ ಬರಿ ಚರ್ಮ. ಸೆಖೆಯಾದರೆ ಮೈಯ ಬಿಸಿ ಹೊರಹೋಗುವುದು ಅಲ್ಲಿಂದ. ನೆಲದ ಮೇಲೆ ಚಪ್ಪಲಿ ಕಳೆದುಕೊಂಡವರಂತೆ ಒಂದೊಂದೇ ಹೆಜ್ಜೆ ಇಡುತ್ತಿದ್ದುದು, ನೀರಿಗೆ ಬಿದ್ದ ಕೂಡಲೇ ಬಾಣ.

ಇಲ್ಲೇ ಹುಟ್ಟಿದ ಮರಿಗಳಿಗೆ ಮರಾಠಿ ಹೆಸರಿಡಬೇಕೆಂದು 2025ರಲ್ಲಿ ಒಂದು ಬೇಡಿಕೆಯೂ ಎದ್ದಿತ್ತು. ಅದರಲ್ಲಿ ನನಗೆ ಆಶ್ಚರ್ಯವೇನೂ ಕಾಣಲಿಲ್ಲ. ಅಪ್ಪಯ್ಯನಿಗೆ ಈ ಊರು ಹೆಸರೇ ಕೇಳದೆ 'ಅಣ್ಣಾ' ಎಂದು ಇಟ್ಟುಬಿಟ್ಟಿತ್ತು, ಅವರಿಗಿನ್ನೂ ಮೀಸೆ ಮೂಡುವ ಮೊದಲೇ.

ಹುಲಿಯನ್ನು ಗಾಜಿನ ಆಚೆ ನೋಡಿದೆವು. ಔರಂಗಾಬಾದಿನ ಪಾಲಿಕೆಯ ಝೂದಿಂದ 2020ರಲ್ಲಿ ಇಲ್ಲಿಗೆ ಜೋಡಿ ಹುಲಿಗಳು ಬಂದಿದ್ದವು. ನಾವು ಹೋದಾಗ ಕಂಡದ್ದು ಮಲಗಿದ ಒಂದು ಬೆನ್ನು. ಉಡುಪಿ ಅಷ್ಟಮಿಯ ಹುಲಿವೇಷವೇ ಇದಕ್ಕಿಂತ ಜೋರು ಎಂದು ಅಮ್ಮ ತೀರ್ಪು ಕೊಟ್ಟಳು. ಹಕ್ಕಿಗಳ ದೊಡ್ಡ ಪಂಜರದಲ್ಲಿ ನಾವೇ ಒಳಗೆ ನಡೆದು ಹೋಗಬಹುದು. ಅಲ್ಲಿ ಮಕ್ಕಳು ಹೊರಬರಲು ಒಪ್ಪಲಿಲ್ಲ. ಚಳಿಗಾಲದಲ್ಲಿ ಪಾಲಿಕೆಯ ಹೂವಿನ ಪ್ರದರ್ಶನವೂ ಇಲ್ಲೇ ನಡೆಯುತ್ತದೆ. ನನಗೆ ಇಷ್ಟವಾಗುವುದು ಮಾತ್ರ ಯಾರ ಪಟ್ಟಿಯಲ್ಲೂ ಇಲ್ಲದ ಬಾವಲಿಗಳು. ಎತ್ತರದ ಕೊಂಬೆಗಳಲ್ಲಿ ಕೊಡೆ ಒಣಹಾಕಿದಂತೆ ನೂರಾರು ತೂಗುತ್ತವೆ. ಅವುಗಳಿಗೆ ಬೋನಿಲ್ಲ, ಫಲಕವಿಲ್ಲ, ಬುಧವಾರದ ರಜೆಯೂ ಇಲ್ಲ.

ಅಷ್ಟೊತ್ತಿಗೆ ಅಮ್ಮ ಎರಡು ಸಲ ಆನೆ ಕೇಳಿಯಾಗಿತ್ತು. ಅಪ್ಪಯ್ಯನ ಕಾಲದ ಆನೆ ಈಗೆಲ್ಲಿ? ಅದನ್ನು ಹೇಳಲಾರದೆ, ಡಾ. ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನ ಕಡೆಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಕುದುರೆ ಏರಿದ ರಾಜಕುಮಾರನ ಪ್ರತಿಮೆ. ಇದೇ ಅಸಲಿ ಕಾಲಾ ಘೋಡಾ, ಅಂದರೆ ಕಪ್ಪು ಕುದುರೆ. 1965ರಲ್ಲಿ ಕೋಟೆ ಭಾಗದಿಂದ ತೆಗೆದು ಇಲ್ಲಿಗೆ ತಂದಿಟ್ಟರು. ಹೆಸರು ಮಾತ್ರ ಅಲ್ಲೇ ಉಳಿಯಿತು. 2017ರಲ್ಲಿ ಆ ಖಾಲಿ ಹೆಸರಿಗೆ ಸವಾರನಿಲ್ಲದ ಹೊಸ ಕುದುರೆ ಮಾಡಿಸಿ ನಿಲ್ಲಿಸಿದರು. ಅಪ್ಪಯ್ಯ ಊರಿಂದ ಬಂದ ಹೊಸತರಲ್ಲಿ ದಾರಿ ತಪ್ಪದಂತೆ ಗುರುತಿಟ್ಟುಕೊಂಡಿದ್ದ ಕುದುರೆ ಇದು.

ಅದಾದ ಮೇಲೆ ಕಲ್ಲಾನೆ. ಘಾರಾಪುರಿ ದ್ವೀಪದಲ್ಲಿ ನಿಂತಿದ್ದುದು. ಅದನ್ನು ನೋಡಿಯೇ ಪೋರ್ಚುಗೀಸರು ದ್ವೀಪಕ್ಕೆ ಎಲಿಫೆಂಟಾ ಎಂದದ್ದು. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಹೋಗಿ ಎತ್ತುವಾಗ ಬೀಳಿಸಿದರು, ಚೂರಾಯಿತು. ಆ ಚೂರುಗಳನ್ನು ಇಲ್ಲಿ ತಂದು 1914ರಲ್ಲಿ ಜೋಡಿಸಿ ನಿಲ್ಲಿಸಿದರು. ಈಗ ದೋಣಿ ಹತ್ತಿ ಎಲಿಫೆಂಟಾಕ್ಕೆ ಹೋದವರಿಗೆ ಗುಹೆ ಸಿಗುತ್ತದೆ, ಆನೆ ಸಿಗುವುದಿಲ್ಲ. "ಹಾಗಾದರೆ ಅದರ ಹೆಸರು ಸುಳ್ಳಲ್ವಾ?" ಎಂದ ಮಗ.

ಅಪ್ಪಯ್ಯನ ಕಾಲದಲ್ಲೂ ಇದು ಇಲ್ಲೇ ಇತ್ತಮ್ಮ, ಅವರು ಖಂಡಿತ ನೋಡಿರುತ್ತಾರೆ ಎಂದೆ. ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಆನೆಗೆ ಒಂದು ಸುತ್ತು ಬಂದಳು. ತುಂಡು ಜೋಡಿಸಿದ ಗುರುತಿನ ಮುಂದೆ ನಿಂತು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಅವ್ರ್ ಕೂತದ್ ಇದ್ರ್ ಮೇಲೇ ಇರ್ಕ್ ಮಗಾ," ಎಂದಳು. "ಕಾಣ್, ಭಾರಕ್ಕೆ ಹ್ಯಾಂಗ್ ಒಡ್ದ್ ಹೋಯ್ತ್!"